ತಟ್ಟೆಯ ಅಂಚಿನ ಚರೆ

ನಮ್ಮ ಮನೆಯಲ್ಲಿ ಚೋರೆ ಹೊಡೆಯುವುದಕ್ಕೆ ಮೊದಲ ದಿನ ಅಂತ ಒಂದಿತ್ತು. ಕಾಯಿದೆಯಲ್ಲಿ ಅಂಥ ದಿನ ಇಲ್ಲ ಎಂಬುದು ನನಗೆ ಚೆನ್ನಾಗಿಯೇ ಗೊತ್ತು. ನನ್ನ ಹೆಸರಿನಲ್ಲಿರುವ ಲೈಸೆನ್ಸು ಬೆಳೆ ಕಾಯುವ ಕೋವಿಯದು, ಹಕ್ಕಿ ಹೊಡೆಯುವುದಕ್ಕೆ ಕೊಟ್ಟದ್ದಲ್ಲ. ಇದನ್ನು ಮೊದಲೇ ಹೇಳಿ ಮುಗಿಸುತ್ತೇನೆ, ಯಾಕೆಂದರೆ ನಾನು ಬರೆಯಹೊರಟ ತಪ್ಪು ಇದಲ್ಲ. ಇದೂ ತಪ್ಪೇ. ಆದರೆ ಇದಕ್ಕೆ ಕೋರ್ಟಿದೆ, ಶಿಕ್ಷೆ ಇದೆ. ಇನ್ನೊಂದಕ್ಕೆ ಏನೂ ಇಲ್ಲ.

ಚೋರೆ ಅಂದರೆ ಪುಸ್ತಕದವರು ಬೆಳವ ಅನ್ನುತ್ತಾರಲ್ಲ, ಆ ಹಕ್ಕಿ. ಪಾರಿವಾಳಕ್ಕಿಂತ ಚಿಕ್ಕದು, ಕುತ್ತಿಗೆಯ ಹಿಂದೆ ಎಳ್ಳು ಚೆಲ್ಲಿದ ಹಾಗೆ ಚುಕ್ಕಿ. ಭತ್ತ ಕೊಯ್ದು ಕಣಕ್ಕೆ ಬಂದ ಕೂಡಲೇ ಇವು ಎಲ್ಲಿಂದಲೋ ಬಂದು ಸೇರುತ್ತವೆ. ನನ್ನ ಅಪ್ಪನ ಕಾಲದಿಂದ ನಮ್ಮಲ್ಲಿ ಒಂದು ಕಟ್ಟಳೆ: ಕಣದಲ್ಲಿ ಭತ್ತ ಇರುವವರೆಗೆ ಹಕ್ಕಿಯ ಮೇಲೆ ಈಡು ಹೊಡೆಯಬಾರದು. ಕಣಕ್ಕೆ ಬಂದದ್ದು ಉಣ್ಣಲು ಬಂದ ಹಾಗೆ, ಉಣ್ಣುವವರನ್ನು ಎಬ್ಬಿಸಬಾರದು. ಕೊನೆಯ ಮೂಟೆ ಮನೆಯೊಳಗೆ ಹೋಗಿ, ಕಣ ಗುಡಿಸಿ, ಕಸಬರಿಗೆ ಮಗುಚಿಟ್ಟ ಮೇಲೆ ಮಾರನೆಯ ಬೆಳಿಗ್ಗೆ ಕೊಯ್ದ ಗದ್ದೆಯಲ್ಲಿ ಮೊದಲ ಈಡು. ಊಟ ಹಾಕಿ, ಕೈ ತೊಳೆಸಿ, ಆಮೇಲೆ ಅಂಗಳದಾಚೆ ಹೊಡೆಯಬಹುದು ಅನ್ನುವ ನ್ಯಾಯ. ಬರೆಯುವಾಗ ನನಗೇ ನಗು ಬರುತ್ತದೆ. ಆದರೆ ಆ ದಿನಕ್ಕಾಗಿ ನಾನು ವರ್ಷವಿಡೀ ಕಾಯುತ್ತಿದ್ದೆ.

ಕಾಯುತ್ತಿದ್ದವನು ಇನ್ನೊಬ್ಬನಿದ್ದ. ನಮ್ಮಲ್ಲಿ ಅಪ್ಪನ ಕಾಲದಿಂದ ಕೆಲಸಕ್ಕೆ ಬರುತ್ತಿದ್ದವನು, ನನಗಿಂತ ಹತ್ತು ವರ್ಷ ದೊಡ್ಡವನು. ನಮ್ಮ ಊರು ಮೆಣಸೆಯಿಂದ ಒಳಗೆ. ಗದ್ದೆಯ ಈಚೆ ದಂಡೆಯಲ್ಲಿ ನಮ್ಮ ಮನೆ, ಆಚೆ ಗುಡ್ಡದ ಬುಡದಲ್ಲಿ ಅವನದು. ಅಂಗಳದಲ್ಲಿ ನಿಂತು ಕರೆದರೆ ಓಗೊಡುವಷ್ಟು ದೂರ. ಅವನು ನನ್ನನ್ನು ಅಯ್ಯ ಅನ್ನುತ್ತಿದ್ದ, ನಾನು ಅವನನ್ನು ನೀನು ಅನ್ನುತ್ತಿದ್ದೆ. ಹತ್ತು ವರ್ಷ ದೊಡ್ಡವನಿಗೆ ನೀನು ಅನ್ನುವುದು ಸರಿಯೇ ಎಂದು ಅವನಿರುವವರೆಗೆ ಒಂದು ದಿನವೂ ನನ್ನ ತಲೆಗೆ ಹೊಳೆಯಲಿಲ್ಲ.

ನಮ್ಮದು ಹಳೆಯ ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ಸುರಿದು, ನಾರು ಜಡಿದು, ಚರೆ ಹಾಕಿ, ಮತ್ತೆ ನಾರು ಜಡಿಯಬೇಕು. ಒಂದು ಈಡು ಹೊಡೆದರೆ ಇನ್ನೊಂದಕ್ಕೆ ತಯಾರಾಗುವಷ್ಟರಲ್ಲಿ ಒಂದು ಬೀಡಿ ಸೇದಿ ಮುಗಿಸಬಹುದು. ಲೈಸೆನ್ಸು ನನ್ನದಾದ್ದರಿಂದ ಹೊಡೆಯುವವನು ನಾನು, ತುಂಬುವವನು ಅವನು. ಚರೆ ಅಂದರೆ ಸೀಸದ ಸಣ್ಣ ಗುಂಡು, ಅದರಲ್ಲಿ ಎರಡು ಬಗೆ. ಹಕ್ಕಿಗೆ ಸಾಸಿವೆ ಗಾತ್ರದ ಸಣ್ಣ ಚರೆ, ಅದು ನಮ್ಮ ಮನೆಯಲ್ಲಿ ಕೋವಿಯ ಜೊತೆ ಇರುತ್ತಿತ್ತು. ಹಂದಿಗೆ ಕಾಳುಮೆಣಸಿನ ಗಾತ್ರದ ದಪ್ಪ ಚರೆ. ಗದ್ದೆಗೆ ಹಂದಿ ಇಳಿಯುವ ತಿಂಗಳುಗಳಲ್ಲಿ ಕಾವಲಿಗೆ ಹೋಗುತ್ತಿದ್ದವನು ಅವನೇ ಆದ್ದರಿಂದ ಅದರ ತಗಡಿನ ಡಬ್ಬಿ ಅವನ ಮನೆಯ ಗೋಡೆಗೆ ತೂಗುತ್ತಿತ್ತು.

ನನ್ನ ಗುರಿ ಎಷ್ಟು ಚೆಂದ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಗದ್ದೆಯಲ್ಲಿ ಅವನು ಏನೂ ಹೇಳುತ್ತಿರಲಿಲ್ಲ. ಹೇಳುವುದು ಮಾರನೆಯ ದಿನ. ಅವನ ಪಾಲಿನ ಹಕ್ಕಿ ಎರಡು. ಬೇಟೆಯ ಮಾಂಸ ಅವರ ಮನೆಯಲ್ಲಿ ಒಳಗಿನ ಒಲೆಗೆ ಹೋಗುವಂತಿಲ್ಲ, ಹೆಂಗಸರು ಮುಟ್ಟುವಂತಿಲ್ಲ. ಅಂಗಳದ ಮೂಲೆಯಲ್ಲಿ ಮೂರು ಕಲ್ಲು ಹೂಡಿ ಪುಕ್ಕ ಕೀಳುವುದರಿಂದ ಹಿಡಿದು ಕುದಿಸುವವರೆಗೆ ಎಲ್ಲ ಅವನದೇ ಕೆಲಸ. ತಿನ್ನುವಾಗ ನಾಲಿಗೆಯಲ್ಲಿ ಚರೆ ಹುಡುಕಿ ತೆಗೆದು ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಡುತ್ತಿದ್ದ. ಮರುದಿನ ತೋಟದಲ್ಲಿ ಸಿಕ್ಕಾಗ ನನ್ನ ಪರೀಕ್ಷೆಯ ಫಲಿತಾಂಶ ಹೊರಬೀಳುತ್ತಿತ್ತು.

"ಐದು ಸಿಕ್ತು ಅಯ್ಯ. ಮೂರು ಬಾಲದ ಹತ್ರ, ಎರಡು ರೆಕ್ಕೇಲಿ. ಎದೇಲಿ ಒಂದೂ ಇಲ್ಲ. ಹಕ್ಕಿ ಹೆದರ್ಕೊಂಡೇ ಸತ್ತಿರ್ಬೇಕು."

ನಾನು ಬೈಯುತ್ತಿದ್ದೆ, ಅವನು ನಗುತ್ತಿದ್ದ. ಇಷ್ಟು ಸಲಿಗೆ ನಮ್ಮ ನಡುವೆ ಇದ್ದದ್ದು ವರ್ಷಕ್ಕೆ ಆ ಒಂದು ದಿನ.

ಆ ವರ್ಷ ಆಷಾಢದಲ್ಲಿ ಅವನಿಗೆ ಲಕ್ವ ಹೊಡೆಯಿತು. ಬೆಳಿಗ್ಗೆ ಎದ್ದವನು ಬಾಗಿಲು ದಾಟುವಾಗ ಕುಸಿದ. ನನ್ನ ಜೀಪಿನಲ್ಲೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಇದನ್ನು ಹೇಳಿಕೊಳ್ಳುವುದು ನನಗೆ ಇಷ್ಟ, ಅದಕ್ಕೇ ಹೇಳಿದೆ. ಜೀವ ಉಳಿಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಹೂಂ ಅನ್ನುವುದಕ್ಕೂ ಊಹೂಂ ಅನ್ನುವುದಕ್ಕೂ ಒಂದೇ ಸದ್ದು. ಮುಖ ನೋಡಿ ಅರ್ಥ ಮಾಡಿಕೊಳ್ಳಬೇಕು. ಎಡಗೈ ಮಾತ್ರ ಮೊದಲಿನ ಹಾಗೇ ಇತ್ತು. ಬಾಗಿಲಿನ ಪಕ್ಕ ಮಂಚ ಹಾಕಿ, ಗದ್ದೆ ಕಾಣುವ ಹಾಗೆ ಅವನನ್ನು ಮಲಗಿಸಿದ್ದರು. ಹಂದಿ ಚರೆಯ ಡಬ್ಬಿ ಅವನ ತಲೆಯ ಮೇಲೆ ತೂಗುತ್ತಲೇ ಇತ್ತು.

ಡಿಸೆಂಬರಿನಲ್ಲಿ ಪಂಚಾಯ್ತಿ ಎಲೆಕ್ಷನ್ ಬಂತು. ಎಲೆಕ್ಷನ್ ಬಂದರೆ ಊರಿನ ಕೋವಿಗಳೆಲ್ಲ ಠಾಣೆಗೆ ಹೋಗಿ ಕೂರಬೇಕು. ನನ್ನದೂ ಹೋಯಿತು. ಫಲಿತಾಂಶ ಬಂದು ಕೋವಿ ವಾಪಸು ಸಿಗುವುದಕ್ಕೂ ನಮ್ಮ ಕಣ ಮುಗಿಯುವುದಕ್ಕೂ ಸರಿಹೋಯಿತು. ಒಂದೂವರೆ ತಿಂಗಳು ಒಂದು ಈಡಿನ ಸದ್ದೂ ಕೇಳದ ಚೋರೆಗಳು ಅಂಗಳದವರೆಗೆ ಬಂದು ಕೋಳಿಗಳ ಜೊತೆ ಮೇಯುತ್ತಿದ್ದವು. ನನಗೆ ಕೈ ನವೆಯಾಗುತ್ತಿತ್ತು.

ಕಣ ಗುಡಿಸಿದ ಸಂಜೆ ಅವನ ಹೆಂಡತಿ ಬಂದಳು. ಅವಳೂ ನಮ್ಮಲ್ಲೇ ಕೆಲಸ ಮಾಡಿದವಳು, ಅಗತ್ಯವಿದ್ದರೆ ಮಾತ್ರ ಬಾಯಿ ಬಿಡುವವಳು. ಮೆಟ್ಟಿಲ ಕೆಳಗೆ ನಿಂತು, "ನಾಳೆ ಮೊದ್ಲ ಈಡಲ್ವಾ ಅಯ್ಯ?" ಅಂದಳು.

"ಹೌದು. ಯಾಕೆ?"

"ಬಾಳೆಹೊನ್ನೂರು ಕಡೆಯೋರು ಒಬ್ರು ನಾಟಿ ಔಷಧಿ ಕೊಡ್ತಾರೆ. ಅವ್ರು ಹೇಳಿದ್ರು, ಚೋರೆ ಮಾಂಸ ಮೆಣಸು ಹಾಕಿ ಬೇಯ್ಸಿ ಕೊಟ್ರೆ ಬಿದ್ದ ಕೈಗೆ ಬಿಸಿ ಹತ್ತುತ್ತಂತೆ. ಎರಡು ಹಕ್ಕಿ ಸಾಕು. ನಾನು ಇಷ್ಟು ವರ್ಷದಲ್ಲಿ ನಿಮ್ಮನ್ನ ಏನೂ ಕೇಳಿಲ್ಲ."

"ಎರಡು ಯಾಕೆ, ನಾಲ್ಕು ಕೊಡ್ತೀನಿ," ಅಂದೆ. "ಅವನ ಪಾಲು ಅವನಿಗೆ ಇದ್ದೇ ಇದೆಯಲ್ಲ."

ನನಗೆ ಆ ಔಷಧಿಯಲ್ಲಿ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಆ ಅಪನಂಬಿಕೆಯೇ ಮುಂದಿನದಕ್ಕೆ ದಾರಿ ಮಾಡಿತು ಅನಿಸುತ್ತದೆ. ಕೊಟ್ಟರೂ ಒಂದೇ, ಕೊಡದಿದ್ದರೂ ಒಂದೇ ಅನ್ನುವ ಉಡಾಫೆ ಮನಸ್ಸಿನಲ್ಲಿ ಆಗಲೇ ಕೂತಿತ್ತು.

ಬೆಳಿಗ್ಗೆ ಎನ್.ಆರ್.ಪುರದಿಂದ ನನ್ನ ಹೆಂಡತಿಯ ತಮ್ಮ ಇಬ್ಬರು ಸ್ನೇಹಿತರನ್ನು ಕರೆದುಕೊಂಡು ಬಂದ. ಮೊದಲ ಈಡು ನೋಡಬೇಕಂತೆ. ಕೋವಿ ತುಂಬುವ ಕೆಲಸಕ್ಕೆ ಅವನೇ ನಿಂತ. ಮದ್ದು ಅರ್ಧ ನೆಲಕ್ಕೆ, ಅರ್ಧ ನಳಿಗೆಗೆ. ಮಂಜು ಇನ್ನೂ ಗದ್ದೆಯ ಮೇಲೆ ಇತ್ತು. ಚೋರೆಗಳು ಹಿಂಡು ಹಿಂಡಾಗಿ ಇಳಿದಿದ್ದವು. ಕೋವಿಗೆ ಠಾಣೆಯಲ್ಲಿ ಸಿಕ್ಕ ರಜೆಯಿಂದ ಧೈರ್ಯ ಬಂದ ಹಕ್ಕಿಗಳಲ್ಲವೇ, ಹತ್ತಿರ ಹೋದರೂ ಏಳಲಿಲ್ಲ. ನಾಲ್ಕು ಈಡಿಗೆ ಏಳು ಬಿದ್ದವು. ನನ್ನ ಜೀವಮಾನದಲ್ಲಿ ಅಂಥ ಬೆಳಿಗ್ಗೆ ಬಂದಿರಲಿಲ್ಲ. ಭಾವಮೈದ ಹಕ್ಕಿಗಳನ್ನು ಸಾಲಾಗಿ ಮಲಗಿಸಿ ಫೋಟೋ ತೆಗೆದು ಸ್ಟೇಟಸ್ ಹಾಕಹೊರಟ.

"ತೆಗಿಯೋ ಮಾರಾಯ, ಫಾರೆಸ್ಟಿನವ್ರ ಕೈಲಿ ನನ್ನ ಒಳಗೆ ಹಾಕ್ಸ್ತೀಯಾ?" ಅಂತ ಕೂಗಿದೆ. ಎಲ್ಲರೂ ನಕ್ಕರು. ನಾನು ಗದ್ದೆಯ ಆಚೆ ನೋಡಲಿಲ್ಲ.

ನನ್ನ ಹೆಂಡತಿ ಎರಡು ಹಕ್ಕಿಯನ್ನು ಅರಿಶಿನ ಸವರಿ ಸ್ಟೀಲ್ ಡಬ್ಬಿಯಲ್ಲಿ ಬೇರೆ ಇಟ್ಟಳು. ಉಳಿದ ಐದು ಒಲೆಯ ಮೇಲೆ. ಪಾತ್ರೆಯೊಳಗೆ ಇಣುಕಿ ನೋಡಿದೆ. ಐದು ಚೋರೆ ಬೆಂದರೆ ಎಷ್ಟಾಗುತ್ತದೆ? ಬಂದವರು ಮೂವರು, ನಾವಿಬ್ಬರು. ನೆಂಟರ ಮುಂದೆ ತಳ ಕಾಣುವ ಪಾತ್ರೆ ಇಡುವುದು ನನಗೆ ಆಗದ ಮಾತು. ಡಬ್ಬಿ ತೆಗೆದುಕೊಂಡೆ.

"ಅದು ಅವ್ರಿಗೆ ಅಂತ ಇಟ್ಟಿದ್ದಲ್ವಾ?" ಅಂದಳು ಹೆಂಡತಿ.

"ನಾಳೆ ಹೊಡೆದು ಕೊಟ್ರಾಯ್ತು. ಗದ್ದೆ ತುಂಬ ಇದಾವೆ. ಇವತ್ತೇ ತಿಂದು ನಾಳೆ ಎದ್ದು ಓಡ್ತಾನಾ ಅವ್ನು?"

ಈ ಮಾತು ನನ್ನದೇ. ಯಾರೂ ನನ್ನ ಬಾಯಿಗೆ ಹಾಕಿದ್ದಲ್ಲ. ಎರಡು ಹಕ್ಕಿಯನ್ನೂ ನನ್ನ ಕೈಯಾರೆ ಪಾತ್ರೆಗೆ ಹಾಕಿದೆ. ಊಟಕ್ಕೆ ಕೂತಾಗ ಎಲ್ಲರ ಹಲ್ಲಿಗೂ ಚರೆ ಸಿಕ್ಕಿತು. ಎನ್.ಆರ್.ಪುರದ ಒಬ್ಬನ ಹಲ್ಲಿಗೆ ತುಂಬಿಸಿದ್ದ ಸಿಮೆಂಟು ಕಿತ್ತುಬಂತು. ಅದಕ್ಕೆ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮಾರನೆಯ ದಿನ ಒಂದು ಚೋರೆಯೂ ಇಳಿಯಲಿಲ್ಲ. ಅದರ ಮಾರನೆಯ ದಿನ ದೂರದ ಮರದ ತುದಿಯಲ್ಲಿ ಎರಡು ಕೂತಿದ್ದವು, ನನ್ನನ್ನು ಕಂಡ ಕೂಡಲೇ ಹಾರಿದವು. ಮೊದಲ ದಿನದ ಮೇಲೆ ಹಕ್ಕಿಗಳು ಹುಷಾರಾಗುತ್ತವೆ ಅನ್ನುವುದು ಮೂವತ್ತು ವರ್ಷದಿಂದ ಗೊತ್ತಿದ್ದ ನನಗೆ, ನಾಳೆ ಹೊಡೆದರಾಯ್ತು ಅನ್ನುವಾಗ ನೆನಪಾಗಲಿಲ್ಲ. ಅಥವಾ ಬೇಕಿದ್ದಾಗ ಮರೆಯುವುದು ನನಗೆ ಬರುತ್ತದೆ.

ಅದೇ ದಿನ ಪಂಪಿನ ಮೋಟರ್ ಕೊಟ್ಟು ಬರಲು ಕೊಪ್ಪಕ್ಕೆ ಹೋಗಿದ್ದೆ. ಪೇಟೆಯಲ್ಲಿ ಒಂದು ಕೋಳಿ ಅಂಗಡಿಯ ಪಂಜರದಲ್ಲಿ ಫಾರಂನಲ್ಲಿ ಸಾಕಿದ ಗೌಜಲ ಹಕ್ಕಿಗಳು ಇದ್ದವು. ಗಾತ್ರದಲ್ಲಿ ಚೋರೆಯಷ್ಟೇ. ಚರ್ಮ ಸುಲಿದು, ತಲೆ ಕಾಲು ತೆಗೆದರೆ ಯಾರಿಗೆ ಗೊತ್ತಾಗುತ್ತದೆ? ಅಂಗಡಿಯವನು ಎರಡನ್ನು ಸುಲಿದು ಕಪ್ಪು ಕವರಿಗೆ ಹಾಕಿಕೊಟ್ಟ. ಜೀಪು ಓಡಿಸಿಕೊಂಡು ಬರುವಾಗ ನನಗೆ ನಾಚಿಕೆಯಾಗಲಿಲ್ಲ. ಉಪಾಯ ಹೊಳೆದದ್ದಕ್ಕೆ ಖುಷಿಯಾಗಿತ್ತು, ಇದನ್ನೂ ಬರೆದೇ ಬಿಡಬೇಕು.

ಗದ್ದೆ ದಾಟಿ ಅವನ ಮನೆಗೆ ಹೋದೆ. ಅವನು ಮಂಚದ ಮೇಲೆ ದಿಂಬಿಗೆ ಒರಗಿದ್ದ. ಅವನ ಹೆಂಡತಿ ಕವರು ಇಸಿದುಕೊಂಡಳು.

"ಮೊನ್ನೆ ಈಡು ಕೇಳಿದ ಕೂಡ್ಲೇ ಇವ್ರು ಬೆರಳು ಎತ್ತಿ ತೋರ್ಸಿದ್ರು ಅಯ್ಯ," ಅಂದಳು. "ಒಂದು, ಆಮೇಲೆ ಎರಡು. ನಾಲ್ಕನೇದು ಆದಾಗ ನಾನು ಮೆಣಸು ಅರೆದಿಟ್ಟೆ. ಸಂಜೆ ತನಕ ಬಾಗ್ಲು ಕಡೆನೇ ನೋಡ್ತಿದ್ರು."

ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನಾನು ರೇಗಿ ತಪ್ಪಿಸಿಕೊಳ್ಳಬಹುದಿತ್ತು.

"ಮೊನ್ನೆ ಬರೀ ಸದ್ದು ಮಾಡಿದ್ದಷ್ಟೇ," ಅಂದೆ. "ಹಕ್ಕಿ ಬೀಳ್ಲಿಲ್ಲ. ಇವು ಇವತ್ತು ಬೆಳಿಗ್ಗೆ ತೋಟದಾಚೆ ಹೊಡೆದದ್ದು."

ಅವನ ತುಟಿಯ ಎಡಬದಿ ಸ್ವಲ್ಪ ಮೇಲೆ ಹೋಯಿತು. ನಾಲ್ಕು ಈಡಿಗೆ ಒಂದೂ ಬೀಳಲಿಲ್ಲ ಅನ್ನುವುದನ್ನು ನನ್ನ ವಿಷಯದಲ್ಲಿ ಯಾರು ಬೇಕಾದರೂ ನಂಬುತ್ತಾರೆ, ಅವನಂತೂ ನಂಬುತ್ತಾನೆ. ಸುಳ್ಳು ಸಲೀಸಾಗಿ ಇಳಿಯಿತು ಅಂದುಕೊಂಡೆ. ಆದರೆ ಆ ದಿನ ಬೆಳಿಗ್ಗೆ ಈಡಿನ ಸದ್ದೇ ಆಗಿರಲಿಲ್ಲ. ಈಡು ಎಣಿಸುವವನ ಮುಂದೆ ನಿಂತು ಹೇಳಿದ ಸುಳ್ಳು ಅದು. ನನಗೆ ಅದು ಹೊಳೆದದ್ದು ಗದ್ದೆಯ ಅರ್ಧ ದಾರಿಗೆ ಬಂದ ಮೇಲೆ.

"ಒಳಗೆ ಮಾಡೋ ಹಂಗಿಲ್ಲ, ಹೊರಗೇ ಬೇಯಿಸ್ತೀನಿ," ಅಂತ ಹಿಂದಿನಿಂದ ಅವಳ ಮಾತು ಕೇಳಿತು. "ನಾನು ಯಾವತ್ತೂ ಮಾಡಿದ್ದಿಲ್ಲ. ಅವ್ರು ಮಾಡೋದು ನೋಡಿದ್ದೀನಿ."

ಆಮೇಲೆ ನಾನು ಆ ಕಡೆ ಹೋಗಲಿಲ್ಲ. ಅಡಿಕೆ ಕೆಲಸ ಅಂದೆ, ಮದುವೆ ಅಂದೆ, ಕೊಪ್ಪ ಅಂದೆ. ಯುಗಾದಿಗೆ ನನ್ನ ಹೆಂಡತಿ ಹೋಳಿಗೆ ಕಟ್ಟಿಕೊಟ್ಟು ಕಳಿಸಿದಾಗ ಮಾತ್ರ ಹೋಗಲೇಬೇಕಾಯಿತು. ಅವನು ಇನ್ನಷ್ಟು ಬಡವಾಗಿದ್ದ. ಅವನ ಹೆಂಡತಿ ಮಾತ್ರ ಉತ್ಸಾಹದಲ್ಲಿದ್ದಳು.

"ಬಲಗೈ ಹೆಬ್ಬೆರಳು ಅಲ್ಲಾಡ್ತದೆ ಅಯ್ಯ. ನೀವು ಹಕ್ಕಿ ಕೊಟ್ಟ ವಾರದಲ್ಲೇ ಶುರುವಾಯ್ತು."

ಅವನು ಹೆಬ್ಬೆರಳನ್ನು ಅಲ್ಲಾಡಿಸಿ ತೋರಿಸಿದ. ತೊಗಲು ನಡುಗಿದಷ್ಟೇ. ಆದರೂ ಅಲ್ಲಾಡಿತು. ಅವಳು ಒಳಗೆ ಹೋಗಿ ಕುಂಕುಮದ ಹಳೆಯ ಭರಣಿ ತಂದು ನನ್ನ ಅಂಗೈ ಮೇಲೆ ಬೋರಲು ಹಾಕಿದಳು. ನಾಲ್ಕು ಚರೆ ಬಿದ್ದವು.

"ಊಟ ಮಾಡೋವಾಗ ಒಂದೊಂದೇ ತೆಗ್ದು ತಟ್ಟೆ ಅಂಚಿಗೆ ಇಟ್ರು. ಮೊದ್ಲಿನ ಹಂಗೇ. ನಿಮಗೆ ತೋರ್ಸೋಣ ಅಂತ ತೊಳೆದು ಇಟ್ಟಿದ್ದೆ."

ಅಂಗೈ ನೋಡಿದೆ. ಗೌಜಲದ ಮೈಯಲ್ಲಿ ಚರೆ ಎಲ್ಲಿಂದ ಬಂತು? ಅದೂ ಕಾಳುಮೆಣಸಿನ ಗಾತ್ರದ್ದು. ಹಂದಿ ಚರೆ. ಹೊಡೆದ ಚರೆ ಎಲುಬಿಗೆ ತಾಗಿ ಚಪ್ಪಟೆಯಾಗುತ್ತದೆ. ಇವು ಗುಂಡಗೆ, ಒಂದು ತರಚೂ ಇಲ್ಲದೆ, ಕೋವಿಯ ನಳಿಗೆಯನ್ನೇ ಕಾಣದವು. ತಲೆ ಎತ್ತಿದೆ. ಅವನ ಎಡಗೈ ಚಾಚಿದರೆ ಸಿಗುವಷ್ಟು ಹತ್ತಿರ ತಗಡಿನ ಡಬ್ಬಿ ತೂಗುತ್ತಿತ್ತು. ಅದರ ಕೆಳಗೆ ಅವನ ಮುಖ. ನನ್ನನ್ನೇ ನೋಡುತ್ತಿದ್ದ.

ನನಗೆ ಅರ್ಥವಾಯಿತು, ಅಥವಾ ಅರ್ಥವಾಯಿತು ಅಂದುಕೊಂಡೆ. ಮೊದಲ ತುತ್ತಿಗೇ ಇದು ಚೋರೆಯಲ್ಲ ಎಂದು ಅವನಿಗೆ ಗೊತ್ತಾಗಿದೆ. ಹೆಂಡತಿಯ ಕಣ್ಣಿನಲ್ಲಿ ನನ್ನ ಮಾನ ಹೋಗಬಾರದೆಂದು ಡಬ್ಬಿಯಿಂದ ನಾಲ್ಕು ಚರೆ ತೆಗೆದು ತಟ್ಟೆಯ ಅಂಚಿಗೆ ಇಟ್ಟಿದ್ದಾನೆ. ಕೈಕಾಲು ಬಿದ್ದು ಮಲಗಿದವನು ನನ್ನ ಸುಳ್ಳಿಗೆ ಸಾಕ್ಷಿ ಒದಗಿಸಿಕೊಟ್ಟಿದ್ದಾನೆ. ಅಲ್ಲಿಯೇ ಅವನ ಮಂಚದ ಮೇಲೆ ಕೂತು, ಹೌದು ಮಾರಾಯ, ನಾನು ಮೋಸ ಮಾಡಿದೆ ಅಂದುಬಿಡಬಹುದಿತ್ತು. ನಾಲ್ಕನ್ನೂ ಭರಣಿಗೆ ವಾಪಸು ಹಾಕಿದೆ. "ನಾಲ್ಕಾ? ಪರವಾಗಿಲ್ಲ," ಅಂದೆ. ಅವನು ಕಣ್ಣು ತಿರುಗಿಸಿ ಗದ್ದೆಯ ಕಡೆ ನೋಡಿದ.

ಶ್ರಾವಣದಲ್ಲಿ ಅವನಿಗೆ ಎರಡನೆಯ ಸಲ ಲಕ್ವ ಹೊಡೆಯಿತು. ಈ ಸಲ ಜೀಪು ತೆಗೆಯುವ ಅಗತ್ಯವೇ ಬರಲಿಲ್ಲ. ಚಟ್ಟಕ್ಕೆ ನಾನೂ ಹೆಗಲು ಕೊಟ್ಟೆ. ಊರಿನವರು ನನ್ನ ಬಗ್ಗೆ, ಗೌಡರು ಅವನನ್ನು ಎಷ್ಟು ಹಚ್ಚಿಕೊಂಡಿದ್ದರು ನೋಡಿ ಅಂದರಂತೆ. ಅದನ್ನು ಕೇಳಿದ ದಿನ ನಾನು ಊಟ ಬಿಟ್ಟೆ.

ಮತ್ತೆ ಜನವರಿ ಬಂತು. ಕಣ ಗುಡಿಸಿದ ಸಂಜೆ ಅವನ ಹೆಂಡತಿ ಬಂದು ಅದೇ ಮೆಟ್ಟಿಲ ಕೆಳಗೆ ನಿಂತಳು. ಹೋದ ವರ್ಷದ್ದೇ ಸೀರೆ ಅಂತ ನನಗೆ ಅನಿಸಿತು, ಇರಲಿಕ್ಕಿಲ್ಲ.

"ನಾಳೆ ಮೊದ್ಲ ಈಡಲ್ವಾ ಅಯ್ಯ?"

ಈ ವರ್ಷ ಹೊಡೆಯುವುದಿಲ್ಲ ಎಂದು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅವಳೇ ಅಂದಳು. "ಅವ್ರಿಗೆ ಎಡೆ ಇಡ್ಬೇಕು. ಇಷ್ಟವಾದದ್ದು ಇಡ್ಬೇಕಲ್ಲ. ಎರಡು ಹಕ್ಕಿ ಕೊಡಿ." ಹೊರಡಲು ತಿರುಗಿದವಳು, "ಈ ಸಲ ಚೋರೇನೇ ಆಗ್ಲಿ ಅಯ್ಯ," ಅಂದಳು.

ಅವಳು ಹೊಡೆದಿದ್ದರೂ ಅಷ್ಟು ತಾಗುತ್ತಿರಲಿಲ್ಲ.

"ನಿಂಗೆ ಗೊತ್ತಿತ್ತಾ?"

"ತೊಳೆಯೋವಾಗ್ಲೇ ಗೊತ್ತಾಯ್ತು. ಈಡು ಹೊಡೆದ ಮಾಂಸದಲ್ಲಿ ಒಂದು ತೂತಾದ್ರೂ ಇರ್ಬೇಡ್ವಾ? ತಿರುಗಿಸಿ ಮುರುಗಿಸಿ ನೋಡ್ದೆ. ಎಲ್ಲೂ ಇಲ್ಲ." ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. "ಅಯ್ಯ ಹಿಂಗೆ ಮಾಡಿದ್ರು ಅಂತ ಅವ್ರಿಗೆ ಗೊತ್ತಾದ್ರೆ ಬಾಯಿಗೇ ಇಡ್ತಿರ್ಲಿಲ್ಲ. ಮನಸ್ಸಿಗೆ ಹಚ್ಕೊಂಡು ಬಿಡ್ತಿದ್ರು. ಚೋರೆ ಅಂತ ನಂಬಿ ತಿಂದ್ರೆ ಚೋರೆನೇ ಅಂದ್ಕೊಂಡು, ಗೋಡೆ ಮೇಲಿನ ಡಬ್ಬಿಯಿಂದ ನಾಲ್ಕು ಚರೆ ತೆಗ್ದು ನಾನೇ ಸಾರಿಗೆ ಹಾಕ್ದೆ."

ಯುಗಾದಿಯಿಂದ ನಾನು ಅವನ ಕೆಲಸ ಅಂದುಕೊಂಡದ್ದು ಇವಳ ಕೆಲಸವಾಗಿತ್ತು.

"ಕಡೇತನ್ಕ ಅವ್ರಿಗೆ ಗೊತ್ತಾಗ್ಲಿಲ್ಲ. ನಂಗೆ ಅದೊಂದೇ ಸಮಾಧಾನ," ಅಂದು ಅವಳು ಗದ್ದೆಗೆ ಇಳಿದಳು.

ನಾನು ಅಲ್ಲೇ ನಿಂತಿದ್ದೆ. ಸಾಸಿವೆ ಗಾತ್ರದ ಹಕ್ಕಿ ಚರೆಗೂ ಕಾಳುಮೆಣಸಿನ ಗಾತ್ರದ ಹಂದಿ ಚರೆಗೂ ವ್ಯತ್ಯಾಸ ಅವಳಿಗೆ ಗೊತ್ತಿಲ್ಲ. ಬೇಟೆಯ ಮಾಂಸ ಮುಟ್ಟಿದವಳಲ್ಲ, ಕೋವಿ ತುಂಬಿದವಳಲ್ಲ, ಅವಳಿಗೆ ಚರೆ ಅಂದರೆ ಚರೆ. ಆದರೆ ಅವನು? ಮೂವತ್ತು ವರ್ಷ ಎರಡೂ ಬಗೆಯ ಚರೆಯನ್ನು ಕೈಯಲ್ಲಿ ಅಳೆದವನು. ಮೊದಲ ಚರೆ ನಾಲಿಗೆಗೆ ಸಿಕ್ಕ ಕ್ಷಣವೇ ಅವನಿಗೆ ನನ್ನ ಮೋಸವೂ ಗೊತ್ತಾಯಿತು, ಹೆಂಡತಿ ಅದನ್ನು ಮುಚ್ಚಿದ್ದೂ ಗೊತ್ತಾಯಿತು. ನಾಲ್ಕನ್ನೂ ಹುಡುಕಿ ತೆಗೆದು, ಅವಳು ನೋಡುವ ಹಾಗೆ ಅಂಚಿಗೆ ಇಟ್ಟ. ಹೆಬ್ಬೆರಳು ಅಲ್ಲಾಡಿಸಿದ್ದೂ ಅವಳಿಗಾಗಿಯೇ ಇರಬೇಕು.

ಬೆಳಿಗ್ಗೆ ಒಬ್ಬನೇ ಹೋದೆ. ಮದ್ದು ನಾನೇ ತುಂಬಿದೆ, ನಾರು ನಾನೇ ಜಡಿದೆ. ಚೋರೆಗಳು ಇಳಿದಿದ್ದವು. ಎರಡು ಒಂದೇ ಕಡೆ ತಲೆ ತಗ್ಗಿಸಿ ಕಾಳು ಹೆಕ್ಕುತ್ತಿದ್ದವು, ಒಂದು ಮುಂದೆ ಹೋದರೆ ಇನ್ನೊಂದು ಹಿಂದೆ. ಆ ಕ್ಷಣದಲ್ಲಿ ಕೋವಿ ಕೆಳಗಿಟ್ಟೆ ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ನಾನು ಹೊಡೆದೆ. ಒಂದೇ ಈಡಿಗೆ ಎರಡೂ ಬಿದ್ದವು. ಗುರಿ ಅಷ್ಟು ಸರಿಯಾಗಿ ಯಾವತ್ತೂ ಕೂತಿರಲಿಲ್ಲ, ಹೇಳುವವನು ಇರಲಿಲ್ಲ. ಒಬ್ಬನಿಗೆ ಕೊಡಬೇಕಾದದ್ದನ್ನು ಅವನಿದ್ದಾಗ ಕೊಡದೆ, ಅವನಿಲ್ಲದಾಗ ಕೊಡುವುದಕ್ಕೆ ಇನ್ನೆರಡು ಜೀವ ತೆಗೆದೆ.

ಪುಕ್ಕ ಸಮೇತ ಒಯ್ದು ಕೊಟ್ಟೆ, ಅವಳ ಕಣ್ಣಿಗೆ ಕಾಣಲಿ ಅಂತ. "ಈಗ ಮಾಡೋದಕ್ಕೆ ಬೇರೆ ಯಾರಿದ್ದಾರೆ," ಅನ್ನುತ್ತಾ ಅವಳು ಅಂಗಳದ ಮೂರು ಕಲ್ಲಿನ ಪಕ್ಕ ಕೂತು ಪುಕ್ಕ ಕೀಳತೊಡಗಿದಳು. ಎಡೆಗೆ ಬಂದ ಇಬ್ಬರು ನೆಂಟರು ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದರು. ಹೊರಡಬೇಕಿತ್ತು, ಹೊರಡಲಿಲ್ಲ. ಎದೆಯ ಮಾಂಸ ಸೀಳುವಾಗ ಅವಳ ಬೆರಳಿಗೆ ಏನೋ ಸಿಕ್ಕಿತು. ತೊಳೆದು ಅಂಗೈ ಮೇಲೆ ಇಟ್ಟುಕೊಂಡಳು. ಸಾಸಿವೆಯಷ್ಟು ಸೀಸ, ಒಂದು ಬದಿ ಚಪ್ಪಟೆ. ಬಹಳ ಹೊತ್ತು ನೋಡಿದಳು. ಎದ್ದು ಒಳಗೆ ಹೋಗಿ ಕುಂಕುಮದ ಭರಣಿ ತಂದು, ಆ ನಾಲ್ಕನ್ನು ಇದರ ಪಕ್ಕ ಇಟ್ಟು ನೋಡಿದಳು.

"ಅಯ್ಯ, ಚೋರೆಗೆ ಹಾಕೋದು ಇಷ್ಟು ಸಣ್ಣದಾ?"

ನಾಲಿಗೆಯ ತುದಿಯಲ್ಲಿ ಸುಳ್ಳು ತಯಾರಿತ್ತು. ಒಂದೊಂದು ಸಲ ದಪ್ಪದ್ದೂ ಹಾಕುತ್ತೇವೆ ಅಂದಿದ್ದರೆ ಮುಗಿಯುತ್ತಿತ್ತು. ಅವಳ ಸಮಾಧಾನ ಉಳಿಯುತ್ತಿತ್ತು. ಆದರೆ ಆ ಅಂಗಳದಲ್ಲಿ ಇನ್ನೊಂದು ಸುಳ್ಳು ನನ್ನಿಂದ ಆಗಲಿಲ್ಲ.

"ಹೌದು," ಅಂದೆ. "ಅವು ಹಂದಿಗೆ ಹಾಕೋವು."

"ಅವ್ರಿಗೆ ಅದು..."

"ಗೊತ್ತಾಗಿರ್ತದೆ."

ಆ ಒಂದು ವರ್ಷದಲ್ಲಿ ನಾನು ಆಡಿದ ಒಂದೇ ಒಂದು ನಿಜ ಅದು. ಅದರ ಪೆಟ್ಟು ಬಿದ್ದದ್ದೂ ಅವಳ ಮೇಲೆಯೇ. ಬೈಯುತ್ತಾಳೆ ಅಂದುಕೊಂಡೆ, ಬೈಯಲಿ ಅಂತ ಕಾದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ಉಪ್ಪು ಮರೆತ ಸಾರನ್ನೂ ಹಿಂಗೇ ಉಂಡು ಏಳ್ತಿದ್ರು," ಅಂದಳು ಕೊನೆಗೆ, ಕೈಯಲ್ಲಿದ್ದ ಚರೆಗೆ ಹೇಳುವ ಹಾಗೆ. "ಚೆನ್ನಾಗಿದೆ ಅನ್ನೋರು. ಆಮೇಲೆ ನಾನು ಉಣ್ಣೋವಾಗ ನಂಗೆ ಗೊತ್ತಾಗೋದು." ಕಣ್ಣೊರೆಸಿಕೊಂಡು ಮತ್ತೆ ಹಕ್ಕಿ ಕೈಗೆ ತೆಗೆದುಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಒಳಗೆ, ಮಂಚ ಇದ್ದ ಜಾಗದಲ್ಲಿ ಬಾಳೆಲೆ ಹಾಸಿ ಎಡೆ ಬಡಿಸಿದಳು. ಅನ್ನ, ಸಾರು, ಬೀಡಿ ಕಟ್ಟು, ಎರಡು ಚೋರೆ. ಎಲ್ಲ ಆದ ಮೇಲೆ ಬಗ್ಗಿ ಆ ಸಣ್ಣ ಚರೆಯನ್ನು ಎಲೆಯ ಅಂಚಿನಲ್ಲಿ ಇಟ್ಟಳು. ಎಡೆ ಇಟ್ಟ ಮೇಲೆ ಸತ್ತವರು ಬಂದು ಉಣ್ಣುವವರೆಗೆ ಬಾಗಿಲು ಹಾಕಬೇಕು, ಒಳಗೆ ಯಾರೂ ಇರಬಾರದು. ನೆಂಟರು ಹೊರಗೆ ಬಂದರು. ನಾನು ಹೊಸ್ತಿಲ ಹತ್ತಿರ ನಿಂತೇ ಇದ್ದೆ.

"ನೀವೂ ಆಚೆ ಬನ್ನಿ ಅಯ್ಯ," ಅಂದಳು. "ನೀವು ಎದುರಿಗಿದ್ರೆ ಅವ್ರು ಈಗ್ಲೂ ಚೆನ್ನಾಗಿದೆ ಅಂತಾರೆ."

ಹೊರಗೆ ಬಂದೆ. ಅವಳು ನನ್ನ ಹಿಂದೆಯೇ ಹೊರಬಂದು ಬಾಗಿಲು ಎಳೆದಳು.